ಹಾಸಿಗೆ ಮೇಷ್ಟ್ರ ಬೆನ್ನಿಗೆ ಬಿದ್ದ ಮಾತ್ರೆಗಳು

ಎಲ್ಲಕ್ಕೂ ಮೂಲ ಪಕ್ಕದ ಮನೆಯವರ ಹಲ್ಲುನೋವು. ನಿವೃತ್ತ ಅಂಚೆಯಣ್ಣನಾದ ಅವರ ಹಲ್ಲು ವಾಸಿಯಾದ ಮೇಲೂ ನಾಲ್ಕು ಆಂಟಿಬಯಾಟಿಕ್ ಮಾತ್ರೆ ಉಳಿದಿದ್ದವು. ಅವನ್ನು ಅವರು ಹಾಸಿಗೆ ಮೇಷ್ಟ್ರ ಬೆನ್ನುನೋವಿಗೆ ದಾನ ಮಾಡಿದರು. ಮೇಷ್ಟ್ರು ಹಿಂದೆಮುಂದೆ ನೋಡದೆ ನುಂಗಿದರು.

ಹಾಸಿಗೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ. ಗಿರಾಕಿ ಸಿಕ್ಕಿದರೆ ಬೆನ್ನುಮೂಳೆಯ ಬಗ್ಗೆ ಅರ್ಧ ಗಂಟೆ ಕೊರೆಯುತ್ತಿದ್ದರಿಂದ ಬಂದ ಅಡ್ಡಹೆಸರು ಅದು. ಅಂಥವರ ಬೆನ್ನೇ ಎರಡು ತಿಂಗಳಿಂದ ಕೈಕೊಟ್ಟಿತ್ತು. ಮಲಗಿದರೂ ನೋವು, ಸಂಜೆಯಾದರೆ ಸಣ್ಣಗೆ ಜ್ವರ. ತಾವೇ ಹೊಗಳಿ ಮಾರುವ ಹಾಸಿಗೆಯ ಮೇಲೆ ಒಂದು ದಿನ ನೆಮ್ಮದಿಯಾಗಿ ನಿದ್ದೆ ಮಾಡಬೇಕೆಂಬುದೇ ಅವರ ಜೀವನದ ಆಸೆಯಾಗಿ ಉಳಿದಿತ್ತು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಬೆನ್ನಿನ ಎರಡು ಮೂಳೆಗಳ ನಡುವೆ ಬ್ಯಾಕ್ಟೀರಿಯಾ ಸೇರಿಕೊಂಡಿದೆ ಎಂದರು. ಅದು ಯಾವುದೆಂದು ತಿಳಿಯಲು ರಕ್ತ ತೆಗೆದು, ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಲು ನೋಡಿದರೆ ಏನೂ ಬೆಳೆಯಲಿಲ್ಲ. ಆಗ ಹಲ್ಲಿನ ಮಾತ್ರೆಯ ವಿಷಯ ಹೊರಬಿತ್ತು.

"ಅರೆಬರೆ ಮಾತ್ರೆಗೆ ಅದು ಸಾಯಲ್ಲ, ತಲೆಮರೆಸ್ಕೊಳ್ಳುತ್ತೆ," ಎಂದರು ಡಾಕ್ಟರಮ್ಮ. "ಇನ್ನು ಎರಡು ವಾರ ಒಂದು ಆಂಟಿಬಯಾಟಿಕ್ಕೂ ಬೇಡ. ಆಮೇಲೆ ಬೆನ್ನಿಗೇ ಸೂಜಿ ಹಾಕಿ ಸ್ಯಾಂಪಲ್ ತೆಗೀತೀನಿ. ಯಾವುದು ಅಂತ ಗೊತ್ತಾದ್ರೆ ಅದಕ್ಕೆ ತಕ್ಕ ಔಷಧಿ ಆರು ವಾರ ಕೊಡೋಣ. ಅಷ್ಟರೊಳಗೆ ಕಾಲು ಸೋತ್ರೆ ಮಾತ್ರ ಕಾಯ್ಬೇಡಿ, ತಕ್ಷಣ ಓಡಿ ಬನ್ನಿ."

ಕಾಲು ಸೋತವನು ಓಡುವುದು ಹೇಗೆಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ.

ಇಂದು ಹದಿನಾಲ್ಕನೆಯ ದಿನ, ತಿಂಗಳ ಕೊನೆಯ ದಿನವೂ ಹೌದು. ಸಂಜೆ ನಾಲ್ಕಕ್ಕೆ ಸೂಜಿ. ಹೆಂಡತಿ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರಿಂದ ಕಾವಲಿಗೆ ಅತ್ತೆ ಬಂದಿದ್ದರು; ಡಾಕ್ಟರಮ್ಮನ ಮಾತನ್ನು ಅಂದು ಅವರೂ ಜೊತೆಗಿದ್ದು ಕೇಳಿಸಿಕೊಂಡಿದ್ದರು. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವ, ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗೆಲ್ಲ ಬಳಿಯುವ ಹೆಂಗಸು. ಅವರ ಕಣ್ಣು ತಪ್ಪಿಸಿ ಮಾತ್ರೆಯಿರಲಿ, ಒಂದು ಸೊಳ್ಳೆಯೂ ಒಳಗೆ ಬರುವಂತಿರಲಿಲ್ಲ.

ಬೆಳಿಗ್ಗೆ ಅಂಚೆಯಣ್ಣ ಮನೆಯನ್ನೆಲ್ಲ ಜಾಲಾಡಿ ಮೂರು ಮಾತ್ರೆ ಹುಡುಕಿಕೊಂಡು ಹಾಜರಾದರು. ಅತ್ತೆ ಬಾಗಿಲಲ್ಲೇ ಅವನ್ನು ಕಿತ್ತುಕೊಂಡು, ಇನ್ನೊಮ್ಮೆ ಈ ಕಡೆ ತಲೆ ಹಾಕಿದರೆ ನಿಮ್ಮ ಉಳಿದ ಹಲ್ಲುಗಳಿಗೆ ನಾನು ಜವಾಬ್ದಾರಳಲ್ಲ ಎಂದು ಕದ ಹಾಕಿದರು. ಒಳಗಿದ್ದ ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಇಂಥ ಅತ್ತೆಯನ್ನು ಹನ್ನೆರಡು ವರ್ಷ ತಪ್ಪು ತಿಳಿದಿದ್ದೆನಲ್ಲ ಎಂದು ಪಶ್ಚಾತ್ತಾಪವಾಗಿ, ಅವರು ತಂದುಕೊಟ್ಟ ಹಾಲನ್ನು ಒಂದೇ ಉಸಿರಿಗೆ ಕುಡಿದರು. ಹಾಲು ಸ್ವಲ್ಪ ಕಹಿಯಾಗಿತ್ತು. ಜ್ವರದ ಬಾಯಿಗೆ ಇನ್ನೇನು ರುಚಿ ಎಂದುಕೊಂಡು ಅಂಗಡಿಗೆ ಹೊರಟರು.

ಮಾಲೀಕರು ಕೊಟ್ಟಿದ್ದು ಅರ್ಧ ದಿನದ ರಜೆ ಮಾತ್ರ. ಕಾಲಿಡುತ್ತಲೇ ದಪ್ಪ ಮೀಸೆಯ ಗಿರಾಕಿಯೊಬ್ಬರು, ಮಲಗಿ ತೋರಿಸಿ ಎಂದು ಪಟ್ಟು ಹಿಡಿದರು. ಮೇಷ್ಟ್ರು ಮಲಗಿದರು. ಏಳಲು ಹೋದರೆ ಬೆನ್ನು ಸುತರಾಂ ಒಪ್ಪಲಿಲ್ಲ. ಐದು ನಿಮಿಷ ಕಳೆಯಿತು.

"ಯಾಕ್ರೀ, ಏಳಲ್ವಾ?" ಎಂದರು ಗಿರಾಕಿ.

"ಇದರ ಮೇಲೆ ಮಲಗಿದೋರಿಗೆ ಏಳೋಕೆ ಮನಸ್ಸೇ ಬರಲ್ಲ ಸಾರ್," ಎಂದರು ಮೇಷ್ಟ್ರು, ಚಾವಣಿ ನೋಡುತ್ತ.

ಗಿರಾಕಿ ಎರಡು ಹಾಸಿಗೆ ಕೊಂಡರು. ಉಬ್ಬಿಹೋದ ಮಾಲೀಕರು ತಮ್ಮ ಕೆಮ್ಮಿಗೆ ತಂದು ಮಿಕ್ಕಿದ್ದ ಆಂಟಿಬಯಾಟಿಕನ್ನು ಡ್ರಾಯರಿನಿಂದ ತೆಗೆದು, ಕಿತ್ತಳೆ ರಸದಲ್ಲಿ ಕದಡಿ, ಕುಡಿಯುವ ತನಕ ಬಿಡುವುದಿಲ್ಲವೆಂದು ಎದುರಿಗೇ ನಿಂತರು. ಅವರ ಫೋನ್ ಬಡಿದುಕೊಂಡ ಒಂದು ಗಳಿಗೆಯಲ್ಲಿ ಮೇಷ್ಟ್ರು ರಸವನ್ನು ಹೂಕುಂಡಕ್ಕೆ ಸುರಿದರು. ಅದು ಪ್ಲಾಸ್ಟಿಕ್ ಗಿಡ. ಒಂದು ಹನಿಯನ್ನೂ ಹೀರಿಕೊಳ್ಳದೆ ರಸವೆಲ್ಲ ಹರಿದು ಮಾಲೀಕರ ಹೊಸ ಬೂಟು ಸೇರಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬ ಮನುಷ್ಯ ಎಷ್ಟು ಬೇಗ ನಡೆಯಬಹುದೋ ಅಷ್ಟು ಬೇಗ ಮೇಷ್ಟ್ರು ಆಸ್ಪತ್ರೆಯ ದಾರಿ ಹಿಡಿದರು.

ನಾಲ್ಕಕ್ಕೆ ಸರಿಯಾಗಿ ಅವರು ಮೇಜಿನ ಮೇಲೆ ಬೋರಲಾಗಿ ಮಲಗಿದ್ದರು. ಡಾಕ್ಟರಮ್ಮ ಬೆನ್ನು ಒರೆಸಿ, ಸೂಜಿ ಕೈಗೆತ್ತಿಕೊಂಡು, ಎರಡು ವಾರದಿಂದ ಯಾವ ಮಾತ್ರೆಯೂ ಇಲ್ಲ ತಾನೇ ಎಂದು ಕೊನೆಯ ಸಲ ಕೇಳಿದರು. ಗೆದ್ದ ಸಂತೋಷದಲ್ಲಿ ಮೇಷ್ಟ್ರಿಗೆ ನೋವೇ ಮರೆತುಹೋಗಿತ್ತು.

"ಬೇಕಾದ್ರೆ ನಮ್ಮತ್ತೇನೇ ಕೇಳಿ," ಎಂದರು.

ಮನೆಯಿಂದ ನೇರವಾಗಿ ಬಂದು ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ ಅತ್ತೆ ಮುಂದೆ ಬಂದರು. "ಒಂದೂ ನುಂಗೋಕೆ ಬಿಟ್ಟಿಲ್ಲ ಡಾಕ್ಟ್ರೇ. ಬೆಳಿಗ್ಗೆ ಪಕ್ಕದ ಮನೆಯೋರ ಕೈಯಿಂದ ಮೂರು ಕಿತ್ಕೊಂಡೆ. ನೋಡಿದ್ರೆ ಎರಡರ ಅವಧಿ ಈ ತಿಂಗಳಿಗೇ ಮುಗೀತಿತ್ತು. ಒಳ್ಳೆ ಮಾತ್ರೆ, ಎಸೆಯೋಕೆ ಮನಸ್ಸು ಬರ್ಲಿಲ್ಲ. ಪುಡಿ ಮಾಡಿ ಹಾಲಿಗೆ ಹಾಕ್ದೆ."

ಸೂಜಿ ಗಾಳಿಯಲ್ಲೇ ನಿಂತಿತು. ಬೇಡ ಅಂದಿದ್ದೆನಲ್ಲಮ್ಮ ಎಂದು ಡಾಕ್ಟರಮ್ಮ ಮೆಲ್ಲಗೆ ನೆನಪಿಸಿದರು.

"ಬೆನ್ನಲ್ಲಿರೋದಕ್ಕೆ ಗೊತ್ತಾದ್ರೆ ತಲೆಮರೆಸ್ಕೊಳ್ಳುತ್ತೆ ಅಂತ ತಾನೇ ನೀವು ಹೇಳಿದ್ದು?" ಎಂದರು ಅತ್ತೆ. "ಹಾಲು ಹೋಗಿದ್ದು ಹೊಟ್ಟೆಗೆ. ಬೆನ್ನಿಗೆ ಹೇಗೆ ಗೊತ್ತಾಗುತ್ತೆ?"

ಡಾಕ್ಟರಮ್ಮ ಗೋಡೆಯ ಕಡೆ ತಿರುಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೂಜಿಯನ್ನು ಕೆಳಗಿಟ್ಟು, ಕ್ಯಾಲೆಂಡರ್ ನೋಡಿ, ಇನ್ನೂ ಎರಡು ವಾರ ಎಂದು ಬರೆದುಕೊಂಡರು. ಮೇಷ್ಟ್ರು ಮೇಜಿನಿಂದ ಏಳಲು ನೋಡಿದರು, ಆಗಲಿಲ್ಲ. ಈ ಸಲ ಕೊಳ್ಳುವುದಕ್ಕೆ ಗಿರಾಕಿಯೂ ಇರಲಿಲ್ಲ.

ಅತ್ತೆ ಬಂದು ತೋಳು ಹಿಡಿದು, ಮಗುವನ್ನು ಎಬ್ಬಿಸುವಷ್ಟು ಅಕ್ಕರೆಯಿಂದ ಎಬ್ಬಿಸಿದರು. ಅಳಿಯನ ಸಪ್ಪೆ ಮುಖ ನೋಡಿ ಅವರ ಕರುಳು ಚುರುಕ್ ಎಂದಿತು.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ," ಎಂದರು ಚೀಲ ತಟ್ಟುತ್ತ. "ಮೂರನೇದು ಜೋಪಾನವಾಗಿ ಇಟ್ಟಿದೀನಿ. ಅದರ ಅವಧಿ ಮುಂದಿನ ತಿಂಗಳವರೆಗೂ ಇದೆ."