ಹತ್ತು ಡಾಲರ್ ನೋಟಿನ ಮಂಗಳಸ್ನಾನ

"ಹಳೇ ನೋಟಿನ ಬೆಲೆ ಕಟ್ಟೋಕೆ ಯಾವನ ಹಂಗೂ ಬೇಡ! ಇವತ್ತಿಂದ ಈ ಮನೇಲಿ ಪರಿಣತ ಅಂದ್ರೆ ನಾನೇ!" ಎಂದು ಹಾರ್ಲನ್ ಪ್ರುವೆಟ್ ಪ್ಯಾನ್‌ಕೇಕ್ ತಟ್ಟೆಯ ಮುಂದೆ ಘೋಷಿಸಿದ. ಒಹಾಯೊದ ನೆಲಮಾಳಿಗೆಗಳಲ್ಲಿ ಹೀಟರ್ ರಿಪೇರಿ ಮಾಡಿಯೇ ನಿವೃತ್ತನಾದ ಮಹಾಶಯ. ಈಗ ಕೈಗೆ ಕೆಲಸವಿಲ್ಲ, ತಲೆಗೆ ಪುರುಸೊತ್ತಿಲ್ಲ!

ವಿಷಯ ಇಷ್ಟೆ. ಹೆಂಡತಿ ಡೊಲೊರಿಸ್ ತನ್ನ ತಾತನ ಫೋಟೊ ಒರೆಸುವಾಗ ಚೌಕಟ್ಟಿನ ಹಿಂದಿನಿಂದ ಒಂದು ನೋಟು ಉದುರಿತ್ತು. ನೂರು ವರ್ಷ ಹಳೆಯ ಹತ್ತು ಡಾಲರ್! ಈಗಿನ ನೋಟಿಗಿಂತ ಅಗಲ, ಮೇಲೆ ಅವರೂರಲ್ಲಿ ಎಂದೋ ಮುಚ್ಚಿಹೋದ ಬ್ಯಾಂಕಿನ ಹೆಸರು.

"ಮಾರಿದ್ರೆ ಅಲಾಸ್ಕಕ್ಕೆ ಹಡಗಲ್ಲಿ ಹೋಗಿಬರಬಹುದೇನೋ," ಎಂದಳು ಡೊಲೊರಿಸ್. ಮದುವೆಯಾದ ದಿನದಿಂದ ಆಕೆಗೆ ಅದೊಂದೇ ಆಸೆ. ಹಾರ್ಲನ್ ಪ್ರತಿ ವರ್ಷವೂ "ಮುಂದಿನ ವರ್ಷ" ಎನ್ನುತ್ತಾ ಬಂದಿದ್ದ.

"ಹೋಗಿಬರಬಹುದೇನೋ ಅಂತ ಯಾಕೆ? ಬಟ್ಟೆ ಮಡಚಿಡು!"

"ನೀನು ಅದನ್ನ ಮುಟ್ಟದೇ ಇದ್ರೆ ಮಡಚ್ತೀನಿ."

ಮುಟ್ಟದೇ ಇರುವುದು ಅವನ ಜಾತಕದಲ್ಲೇ ಇಲ್ಲ! ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಒಂದೇ ಪುಟ ಓದಿದ: ಕಲೆ, ಗೀಚು ಇದ್ದರೆ ನೋಟಿನ ಬೆಲೆ ಬೀಳುತ್ತದೆ. ನೋಟನ್ನು ನೋಡಿದ. ಕೆಳಗಡೆ ಎರಡು ಕಡೆ ಕಂದು ಶಾಯಿಯ ಗೀಚು! ಯಾವನೋ ಪೋಲಿಯ ಕೆಲಸ ಎಂದು ಹಲ್ಲು ಕಡಿದ. ಹೆಂಡತಿ ಚರ್ಚಿನ ಹಾಡಿನ ಅಭ್ಯಾಸಕ್ಕೆ ಹೊರಟಿದ್ದೇ ತಡ, ಅಡುಗೆಮನೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ನಿಂಬೆಹಣ್ಣು ಹಿಂಡಿ, ಹತ್ತಿ ಅದ್ದಿ, ಉಸಿರು ಬಿಗಿಹಿಡಿದು ಉಜ್ಜಿದ. ಗೀಚು ಮಾಯ! ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ನೋಟಿಗೆ ಬಿಸಿಗಾಳಿಯ ಸೇವೆಯೂ ಆಯಿತು.

ಶನಿವಾರ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ಹಳೆಯ ನಾಣ್ಯ, ನೋಟುಗಳ ಮೇಳ. ವ್ಯಾಪಾರಿ ಬರ್ನಿಸ್ ಎಂಬಾಕೆ ಭೂತಗನ್ನಡಿ ಹಿಡಿದು ನೋಟಿನ ಮೇಲೆ ಬಾಗಿದಳು. ಹಾರ್ಲನ್ ಎದೆಯುಬ್ಬಿಸಿ ನಿಂತ. ಡೊಲೊರಿಸ್ ಆಗಲೇ ಅರ್ಧ ಅಲಾಸ್ಕದಲ್ಲಿದ್ದಳು.

"ಈ ಊರಿನ ನೋಟು ಉಳಿದಿರೋದೇ ಅಪರೂಪ ಕಣಮ್ಮ! ಮೂರು ಸಾವಿರ ಡಾಲರ್‌ಗೆ ನಾನೇ ತಗೋತಿದ್ದೆ. ಆದ್ರೆ ಸಹಿಗಳು ಎಲ್ಲಿ?"

"ಯಾವ ಸಹಿ?" ಹಾರ್ಲನ್‌ನ ಎದೆ ಸ್ವಲ್ಪ ಇಳಿಯಿತು.

"ಆಗೆಲ್ಲ ನೋಟು ಅಚ್ಚಾಗಿ ಬಂದ್ಮೇಲೆ ಊರ ಬ್ಯಾಂಕಿನೋರು ಕೂತು ಪೆನ್ನಲ್ಲಿ ಸಹಿ ಹಾಕ್ತಿದ್ರು. ಒಂದು ಕಡೆ ಕ್ಯಾಷಿಯರ್, ಇನ್ನೊಂದು ಕಡೆ ಅಧ್ಯಕ್ಷ." ಬರ್ನಿಸ್ ನೋಟನ್ನು ಮೂಗಿನ ಹತ್ತಿರ ಹಿಡಿದಳು. "ಅಯ್ಯೋ ದೇವರೇ! ನಿಂಬೆಹಣ್ಣು!"

"ಅದು... ಯಾವನೋ ಪೋಲಿ ಗೀಚಿದ್ದ..."

"ಆ ಪೋಲಿ ನಮ್ಮ ತಾತ!" ಡೊಲೊರಿಸ್ ಕೂಗಿದ ಹೊಡೆತಕ್ಕೆ ಇಡೀ ಹಾಲ್ ತಿರುಗಿ ನೋಡಿತು. "ಹನ್ನೆರಡು ವರ್ಷ ಆ ಬ್ಯಾಂಕಿನ ಅಧ್ಯಕ್ಷರಾಗಿದ್ರು! ಬ್ಯಾಂಕೇ ಮುಳುಗಿದಾಗಲೂ ಅವರ ಹೆಸರಿಗೆ ಒಂದು ಚುಕ್ಕೆ ಬಿದ್ದಿರ್ಲಿಲ್ಲ. ನೀನು ಅರ್ಧ ನಿಂಬೆಹಣ್ಣಲ್ಲಿ ಮುಗಿಸಿಬಿಟ್ಟೆಯಲ್ಲೋ ಪುಣ್ಯಾತ್ಮ!"

"ಈಗೆಷ್ಟು ಬರುತ್ತೆ?" ಎಂದು ಹಾರ್ಲನ್ ಮೆತ್ತಗೆ ಕೇಳಿದ.

"ಇನ್ನೂರು. ಅದೂ ನಿಮ್ಮ ಮುಖ ನೋಡಿ ಪಾಪ ಅನ್ನಿಸಿ."

ಡೊಲೊರಿಸ್ ನೋಟನ್ನು ಕಸಿದು ಪರ್ಸಿಗೆ ಹಾಕಿಕೊಂಡಳು. ಇಬ್ಬರೂ ಪಿಕಪ್ ಟ್ರಕ್ ಹತ್ತಿ ಮನೆಗೆ ಹೊರಟರು. ಹಾರ್ಲನ್‌ಗೆ ನಿಜಕ್ಕೂ ಬೇಸರವಾಯಿತು. ಪಾಪ, ಎಷ್ಟು ವರ್ಷದ ಆಸೆ! ಮನೆ ಮುಂದೆ ಟ್ರಕ್ ನಿಲ್ಲಿಸಿ ಹೆಂಡತಿಯತ್ತ ತಿರುಗಿದ.

"ಡೊಲೊರಿಸ್, ಅಲಾಸ್ಕಕ್ಕೆ ಮುಂದಿನ ವರ್ಷ ಖಂಡಿತ..."

"ಮುಂದಿನ ವರ್ಷ ಯಾಕೆ? ಇದೇ ಜೂನ್‌ನಲ್ಲಿ ಹೋಗ್ತೀನಿ. ನಿನ್ನ ಈ ಟ್ರಕ್ ಮಾರಿ!"

"ನನ್ನ ಟ್ರಕ್ಕಾ? ಇದರ ಬೆಲೆ ನಿಂಗೇನು ಗೊತ್ತು?"

"ಗೊತ್ತಿರೋರನ್ನ ಸೋಮವಾರ ಕರೆಸ್ತೀನಿ," ಡೊಲೊರಿಸ್ ಇಳಿದು ಬಾಗಿಲು ದಡಾರನೆ ಹಾಕಿದಳು. "ಅಲ್ಲೀವರೆಗೆ ಒಂದೇ ಒಂದು ಉಪಕಾರ ಮಾಡು ಮಾರಾಯ. ದಯವಿಟ್ಟು ಇದನ್ನ ತೊಳೀಬೇಡ!"