ಮುಂದಿನ ಚಕ್ರ ಏಳಬೇಕು

ಇದು ನಡೆದದ್ದು 2006ರಲ್ಲಿ, ನೈರೋಬಿಯಲ್ಲಿ. ಲಾರಿಗಳಿಗೆ ಸ್ಪ್ರಿಂಗ್ ಪಟ್ಟಿ ಮಾಡುವ ಕಾರ್ಖಾನೆಯ ಲ್ಯಾಬಿನಲ್ಲಿ ನಾನಿದ್ದೆ. ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ ಮೈಸೂರಿನಿಂದ ಹೋದವನು. ಉಕ್ಕಿನ ಗಡಸುತನ ಅಳೆಯುವುದಷ್ಟೇ ನನ್ನ ಕೆಲಸ. ಆದರೆ ನಾನು ಎಷ್ಟೇ ಸುಮ್ಮನೆ ಕೂತಿದ್ದರೂ ಇಂಥ ಫಜೀತಿಗಳು ವಿಳಾಸ ಕೇಳಿಕೊಂಡು ಬಂದುಬಿಡುತ್ತವೆ.

ಪೆಟ್ಟಿಗೆ

ನಮ್ಮ ಮ್ಯಾನೇಜರ್ ಕೂಡ ಮೈಸೂರಿನವರೇ. ಊರಿನ ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಮನೆ ಖಾಲಿ ಮಾಡುತ್ತಿದ್ದ ವಿದೇಶಿ ಮುದುಕರೊಬ್ಬರಿಂದ ಅವರು ಅರವತ್ತರ ದಶಕದ ಒಂದು ಅಮೆರಿಕನ್ ಕಾರು ಕೊಂಡರು. ಜೊತೆಗೆ ಒಂದು ಮರದ ಪೆಟ್ಟಿಗೆ ಬಂತು. ಅದರ ತುಂಬ ಕಬ್ಬಿಣ. ಮೇಲೊಂದು ಹಳೆಯ ಫೋಟೋ. ಅದೇ ಕಾರು, ನೇರ ರಸ್ತೆಯ ಓಟದ ಸ್ಪರ್ಧೆಯಲ್ಲಿ, ಮುಂದಿನ ಎರಡೂ ಚಕ್ರ ಗಾಳಿಯಲ್ಲಿ. ನಿಂತು ನೋಡುವವರ ಬಾಯಿ ತೆರೆದಿತ್ತು.

ಮ್ಯಾನೇಜರ್ ನನ್ನನ್ನು ಕರೆದರು.

"ನೋಡಪ್ಪಾ, ಈ ಸಾಮಾನೆಲ್ಲ ಕಾರಿನ ಅಡಿಗೆ ಹಾಕಿದ್ರೆ ಹೀಗೆ ಏಳುತ್ತಂತೆ. ಯಾವುದು ಏನು ಅಂತ ಆ ಮುದುಕಂಗೂ ಗೊತ್ತಿಲ್ಲ, ಎಲ್ಲ ಅವನ ಅಣ್ಣಂದಂತೆ. ನೀನು ಕಂಡುಹಿಡಿ."

"ಸರ್, ನಾನು ಫಿಸಿಕ್ಸು."

"ಕಾರು ಏಳೋದು ಮತ್ತೇನು, ಇತಿಹಾಸವಾ?"

ಬಂದದ್ದಕ್ಕೆ ನನ್ನ ವಿಷಯವನ್ನೂ ಹೇಳಿದೆ. ದಸರಾ ಮುಗಿದ ಮೇಲೆ ಮೈಸೂರಿನಲ್ಲಿ ನನ್ನ ಮದುವೆ. ನಾಲ್ಕು ವಾರ ರಜೆ ಬೇಕು.

"ಮುಂದಿನ ಚಕ್ರ ಏಳಲಿ, ಮಾರನೇ ದಿನ ಹೊರಡು."

"ಏಳದಿದ್ರೆ ಸರ್?"

"ಮದುವೆ ಫೋಟೋ ಕಳಿಸೋಕೆ ಹೇಳು."

ತಜ್ಞ

ಸಾಮಾನುಗಳನ್ನು ಗ್ಯಾರೇಜಿನ ನೆಲದ ಮೇಲೆ ಸಾಲಾಗಿ ಇಟ್ಟೆ. ಉದ್ದ ಅಳೆದೆ, ತೂಕ ಮಾಡಿದೆ, ಎಲ್ಲಿ ಸವೆದಿದೆ ಎಂದು ನೋಡಿದೆ. ಎಲ್ಲಿ ಸವೆದಿದೆ ಎಂದು ತಿಳಿದರೆ ಯಾವುದಕ್ಕೆ ಉಜ್ಜಿದೆ ಎಂದು ತಿಳಿಯುತ್ತದೆ.

ನಮ್ಮ ಕಾರ್ಖಾನೆಯ ಮೆಕ್ಯಾನಿಕ್ ಬಂದು ನಿಂತ. ಅಲ್ಲಿ ಮೆಕ್ಯಾನಿಕ್‌ಗೆ ಫುಂಡಿ ಎನ್ನುತ್ತಾರೆ. ಈ ಫುಂಡಿ ಮೊದಲು ಊರಿನಲ್ಲಿ ಜನರನ್ನು ತುಂಬಿಕೊಂಡು ಓಡುವ ಮಟಾಟು ವ್ಯಾನುಗಳನ್ನು ರಿಪೇರಿ ಮಾಡುತ್ತಿದ್ದವನು.

ಏಣಿಯಂಥ ಎರಡು ಕಬ್ಬಿಣದ ಚೌಕಟ್ಟುಗಳಿದ್ದವು. ಹಿಂದಿನ ಆ್ಯಕ್ಸಲ್ಲಿನಿಂದ ಚಾಸಿಸ್‌ಗೆ ಕಟ್ಟುವಂಥವು. ಆ್ಯಕ್ಸಲ್ ತಿರುಚಿಕೊಳ್ಳದಂತೆ ಹಿಡಿದು, ಆ ಬಲವನ್ನೆಲ್ಲ ಕಾರಿನ ಮೂತಿ ಎತ್ತಲು ಕೊಡುತ್ತವೆ. ಇದನ್ನು ಕಂಡುಕೊಳ್ಳಲು ನನಗೆ ಒಂದು ವಾರ ಹಿಡಿದಿತ್ತು.

ಫುಂಡಿ ಒಂದೇ ನೋಟ ನೋಡಿದ. "ಮಟಾಟುದು, ಬ್ವಾನಾ." ಬ್ವಾನಾ ಎಂದರೆ ಅಲ್ಲಿ ಸಾಹೇಬರೇ ಎಂದು.

"ಇದು?"

"ಹಳೇ ಮಟಾಟುದು."

"ಈ ರಬ್ಬರು?"

"ಮಟಾಟುದೇ. ಆದರೆ ಒಳ್ಳೇ ಮಟಾಟು."

ಸಾಲಿನ ಕೊನೆಯಲ್ಲಿ ನನ್ನ ಸ್ಟೀಲ್ ಊಟದ ಕ್ಯಾರಿಯರ್ ಇತ್ತು. ಅದನ್ನೂ ತೋರಿಸಿದೆ. ಕೈಗೆತ್ತಿಕೊಂಡು, ಅಲ್ಲಾಡಿಸಿ, ಕಿವಿಗಿಟ್ಟು ಕೇಳಿದ.

"ಇದು ಈಗ ಸಿಗೋದು ಕಷ್ಟ. ಬಿಚ್ಚಿ ನೋಡಬೇಕು."

ಬಿಚ್ಚಿದ. ನನ್ನ ಚಿತ್ರಾನ್ನದಲ್ಲಿ ಅರ್ಧ ತಿಂದ. "ಸವಾ," ಎಂದ, ಸರಿ ಎಂಬಂತೆ. "ಮಟಾಟುದಲ್ಲ."

ಇಳಿಯುವ ಮ್ಯಾನೇಜರ್

ಪೆಟ್ಟಿಗೆಯಲ್ಲಿ ಎರಡು ಶಾಕ್ ಅಬ್ಸಾರ್ಬರ್ ಇದ್ದವು. ಮ್ಯಾನೇಜರ್ ಒಂದನ್ನು ಎಳೆದರು. ಬೀರುವಿನ ಖಾಲಿ ಡ್ರಾಯರಿನಂತೆ ಸಲೀಸಾಗಿ ಬಂತು.

"ಸತ್ತುಹೋಗಿದೆ. ಎಸಿ."

"ವಾಪಸ್ ಒತ್ತಿ ಸರ್."

ಒತ್ತಿದರು. ಹೋಗಲಿಲ್ಲ. ಮೈಭಾರವೆಲ್ಲ ಹಾಕಿದ ಮೇಲೆ ಇಷ್ಟಿಷ್ಟೇ ಇಳಿಯಿತು. ಇವು ಮುಂದಿನ ಚಕ್ರದವು, ಮೂತಿ ಬೇಗ ಮೇಲೇಳಬೇಕು, ನಿಧಾನ ಕೆಳಗಿಳಿಯಬೇಕು, ಅದಕ್ಕೇ ಹೀಗೆ ಮಾಡಿದ್ದಾರೆ ಎಂದೆ. ಅವರು ನಂಬಲಿಲ್ಲ. ಎರಡನ್ನೂ ಪೂರ್ತಿ ಎಳೆದು, ನನ್ನ ಲ್ಯಾಬಿನ ಮೇಜಿನ ಹಿಂದೆ ನೆಟ್ಟಗೆ ಬಿಗಿದು, ಮೇಲೊಂದು ಹಲಗೆ ಹಾಕಿದೆ.

"ಕೂತು ನೋಡಿ ಸರ್."

ಕೂತರು. ಅಷ್ಟರಲ್ಲಿ ಗಿಗಿರಿ ಬಡಾವಣೆಯ ಯಾವುದೋ ದೊಡ್ಡ ಆಫೀಸಿನಿಂದ ಇಬ್ಬರು ಅಧಿಕಾರಿಗಳು ಒಳಗೆ ಬಂದರು. ತಮ್ಮ ಗಾಡಿಗಳಿಗೆ ಸ್ಪ್ರಿಂಗ್ ಬೇಕಿತ್ತು. ಎದ್ದರೆ ಹಲಗೆ ಮಗುಚುತ್ತದೆಂದು ಮ್ಯಾನೇಜರ್ ಕೂತಲ್ಲೇ ಕೈಕುಲುಕಿ ಮಾತು ಶುರು ಮಾಡಿದರು. ಆಗ ಮೇಜಿನ ಮೇಲೆ ಅವರ ಟೈ ಪೂರ್ತಿ ಕಾಣುತ್ತಿತ್ತು. ಉಕ್ಕಿನ ವಿಷಯಕ್ಕೆ ಬರುವಷ್ಟರಲ್ಲಿ ಅರ್ಧ ಟೈ. ಬೆಲೆಯ ವಿಷಯಕ್ಕೆ ಬಂದಾಗ ಗಂಟು ಮಾತ್ರ.

ಬಂದವರು ಬಹಳ ಮರ್ಯಾದಸ್ಥರು. ಏನನ್ನೂ ಕೇಳಲಿಲ್ಲ. ಮ್ಯಾನೇಜರ್ ಇಳಿದಷ್ಟೂ ತಾವೂ ಮಂಡಿ ಬಗ್ಗಿಸುತ್ತ ಹೋದರು.

ಎಡಗಡೆಯದು

ಪೆಟ್ಟಿಗೆಯಲ್ಲಿ ಒಂದು ರಬ್ಬರ್ ಚೀಲವಿತ್ತು, ಗಾಳಿ ತುಂಬುವ ನಳಿಕೆಯ ಸಮೇತ. ಹಿಂದಿನ ಸ್ಪ್ರಿಂಗಿನ ಒಳಗೆ ಕೂರುವಂಥದ್ದು.

"ಒಂದೇ ಇದೆಯಲ್ಲೋ! ಇನ್ನೊಂದೆಲ್ಲಿ?" ಎಂದರು ಮ್ಯಾನೇಜರ್. "ಮುದುಕ ಟೋಪಿ ಹಾಕಿದ."

ಲೆಕ್ಕ ಹಾಕಿ ಹೇಳುತ್ತೇನೆ, ಸ್ವಲ್ಪ ತಡೆಯಿರಿ ಎಂದೆ. ತಡೆಯಲಿಲ್ಲ. ಲ್ಯಾವಿಂಗ್ಟನ್‌ಗೆ ಹೋಗಿ ಗೇಟಿನಲ್ಲೇ ಜಗಳ ಮಾಡಿದರು. ಸಂಜೆ ಗೆದ್ದ ಮುಖದಲ್ಲಿ ಬಂದು ನನ್ನ ಮುಂದೆ ಒಂದು ಪೊಟ್ಟಣ ಇಟ್ಟರು. "ಜೋರು ಮಾಡಿದ ಮೇಲೆ ಕೊಟ್ಟ ನೋಡು. ಎಡಗಡೆಯದು."

ಅಷ್ಟು ಹೊತ್ತಿಗೆ ನನ್ನ ಲೆಕ್ಕ ಮುಗಿದಿತ್ತು. ಇಂಜಿನ್ ಜೋರಾಗಿ ತಿರುಗುವಾಗ ಹಿಂದಿನ ಬಲ ಚಕ್ರ ಹಗುರಾಗುತ್ತದೆ. ಅದನ್ನು ನೆಲಕ್ಕೆ ಒತ್ತಿ ಹಿಡಿಯಲು ಬಲಗಡೆ ಒಂದೇ ಚೀಲ ಸಾಕು. ಎಡಗಡೆಯದು ಎಂಬುದೇ ಇಲ್ಲ.

ಪೊಟ್ಟಣ ಬಿಚ್ಚಿದೆ. ಒಳಗೆ ಇನ್ನೊಂದು ರಬ್ಬರ್ ಚೀಲ. ಅದಕ್ಕೆ ಬಿರಡೆ ಇತ್ತು. ಮೇಲೆ ಉಣ್ಣೆಯ ಹೊದಿಕೆ ಇತ್ತು. ಹೊದಿಕೆಯ ಮೇಲೆ ಹೆಣೆದ ಮೊಲ ಇತ್ತು.

ದಸರೆಗೆಂದು ಮೈಸೂರಿನಿಂದ ಬಂದಿದ್ದ ಮ್ಯಾನೇಜರ್ ಅವರ ತಾಯಿ ಅದನ್ನು ನೋಡಿದ ಕೂಡಲೇ ಗುರುತಿಸಿದರು. "ಬಿಸಿನೀರಿನ ಚೀಲ ಕಣೋ. ತಾ ಇಲ್ಲಿ, ಮಂಡಿನೋವು." ಮ್ಯಾನೇಜರ್ ಪ್ರಪಂಚದಲ್ಲಿ ಯಾರ ಮಾತೂ ಕೇಳುವವರಲ್ಲ, ಈ ಅಜ್ಜಿಯ ಮಾತೊಂದನ್ನು ಬಿಟ್ಟು. ಕೊಟ್ಟರು.

ಮೂರು ಕಾಲಿನದು

ಕೊನೆಗೆ ಉಳಿದದ್ದು ಒಂದೇ ಸಾಮಾನು. ಮೂರು ಕಾಲು, ನಡುವೆ ಒಂದು ಬಳೆ, ಬಳೆಗೆ ಸುತ್ತಲೂ ತಿರುಪುಮೊಳೆ. ಹತ್ತು ದಿನ ನೋಡಿದೆ. ಆ್ಯಕ್ಸಲ್ಲಿನ ಬಳಿ ಯಾವುದನ್ನೋ ಹಿಡಿದು ನಿಲ್ಲಿಸಲು ಇರಬೇಕು ಎಂದು ತೀರ್ಮಾನಿಸಿ, ಕೂರಿಸಲು ಒಂದು ಜಾಗವನ್ನೂ ಹುಡುಕಿದೆ.

ಆಗ ಲ್ಯಾವಿಂಗ್ಟನ್‌ನಿಂದ ಫೋನು ಬಂತು. ಮುದುಕರ ಹೆಂಡತಿ. ತಮ್ಮ ಕ್ರಿಸ್‌ಮಸ್ ಮರ ನಿಲ್ಲಿಸುವ ಸ್ಟ್ಯಾಂಡು ಕಾಣುತ್ತಿಲ್ಲವಂತೆ, ನಿಮ್ಮ ಪೆಟ್ಟಿಗೆಯಲ್ಲಿ ಏನಾದರೂ ಬಂದಿದೆಯೇ ಎಂದು ಕೇಳಿದರು.

ಕಾರಿನಿಂದ ಬಿಚ್ಚಲು ಒಂದು ಗಂಟೆ ಹಿಡಿಯಿತು. ಅಷ್ಟು ಚೆನ್ನಾಗಿ ಕೂತಿತ್ತು.

ಭಾವಿ ಮಾವ

ಕಸರಾನಿ ಬಡಾವಣೆಯ ನನ್ನ ರೂಮಿಗೆ ಪ್ರತಿ ಭಾನುವಾರ ಭಾವಿ ಮಾವನವರ ಫೋನು.

"ಏನಪ್ಪಾ, ರಜೆ ಸಿಕ್ತಾ? ಛತ್ರದೋರು ಕೇಳ್ತಿದಾರೆ."

"ಇನ್ನೂ ಮುಂದಿನ ಚಕ್ರ ಎದ್ದಿಲ್ಲ ಮಾವ."

"ಯಾವ ಚಕ್ರ?"

"ಮ್ಯಾನೇಜರ್ ಕಾರಿಂದು. ಅದು ನೆಲ ಬಿಟ್ಟು ಏಳ್ಬೇಕು. ಎದ್ರೆ ರಜೆ."

"ನಮ್ಮ ಕಡೆ ಅದಕ್ಕೆ ಆ್ಯಕ್ಸಿಡೆಂಟ್ ಅಂತೀವಪ್ಪ."

ಆಯುಧಪೂಜೆ

ಕಾರು ಸಿದ್ಧವಾದದ್ದು ಆಯುಧಪೂಜೆಯ ಹೊತ್ತಿಗೆ. ಕಾರ್ಖಾನೆಯ ಅಂಗಳದಲ್ಲಿ ಎಲ್ಲರೂ ಸೇರಿದರು. ಯಂತ್ರಗಳಿಗೆಲ್ಲ ಕುಂಕುಮ, ಕಾರಿಗೆ ಹೂವಿನ ಹಾರ. ಪೂಜೆ ಮುಗಿಸಿ ಮ್ಯಾನೇಜರ್ ಸ್ಟಿಯರಿಂಗ್ ಹಿಡಿದು ಕೂತರು, ಫೋಟೋ ಎದುರಿಗೇ ಅಂಟಿಸಿಕೊಂಡು. ಇಂಜಿನ್ ಶುರುವಾದಾಗ ತಗಡಿನ ಛಾವಣಿ ನಡುಗಿತು.

"ನಿಲ್ಲಿಸೋ, ನಿಂಬೆಹಣ್ಣು!" ಎಂದರು ಅಜ್ಜಿ.

ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಹಿಂದಿನ ಎರಡನ್ನು ಫುಂಡಿ ಚಕ್ರಕ್ಕೆ ಒತ್ತಿಯೇ ಇಟ್ಟ. ಮುಂದಿನ ಎರಡನ್ನು ಅಜ್ಜಿಯೇ ಇಟ್ಟರು, ಗುರುಗುಟ್ಟುವ ಇಂಜಿನ್ನಿಗೆ ಹೆದರಿ ಚಕ್ರದ ಮುಂದೆ ಒಂದು ಗೇಣು ದೂರದಲ್ಲಿ, ಕುಂಕುಮ ಹಚ್ಚಿ.

ಮ್ಯಾನೇಜರ್ ಪೆಡಲ್ ಒತ್ತಿದರು.

ಹಿಂದಿನ ಚಕ್ರಗಳು ಕಿರುಚಿದವು. ಹೊಗೆ ಎದ್ದಿತು. ನಿಂಬೆರಸ ಚಿಮ್ಮಿ ನಮ್ಮ ಕಾರ್ಖಾನೆಯ ಅಕೌಂಟೆಂಟ್ ಕಣ್ಣಿಗೆ ಬಿತ್ತು. ಎಲ್ಲರೂ ಅವರ ಕಡೆ ನೋಡಿದರು. ನಾನೂ ನೋಡಿದೆ. ಮತ್ತೆ ತಿರುಗುವಷ್ಟರಲ್ಲಿ ಕಾರು ಐದಾರು ಅಡಿ ಹೋಗಿ, ಇಂಜಿನ್ ಆರಿ, ಸುಮ್ಮನೆ ನಿಂತಿತ್ತು.

ಮ್ಯಾನೇಜರ್ ಬಾಗಿಲು ತೆಗೆದರು. "ಎದ್ದಿತಾ?"

"ನಿಮಗೆ ಗೊತ್ತಾಗ್ಲಿಲ್ವಾ ಸರ್?" ಎಂದೆ.

"ನಾನು ಕಣ್ಣು ಮುಚ್ಕೊಂಡಿದ್ದೆ ಕಣಯ್ಯಾ! ಹೆದರಿಕೆ ಆಗಿ ಕಾಲು ತೆಗೆದೆ. ಯಾರೂ ನೋಡಲಿಲ್ವಾ? ಒಬ್ಬರೂ?"

ನೋಡಿದವರಿಲ್ಲ. ನನ್ನ ಮದುವೆ ಆ ಅಂಗಳದಲ್ಲಿ ಅಷ್ಟಕ್ಕೇ ನಿಂತಿತು.

ಬೇರೆ ದಾರಿ ಕಾಣದೆ ಕಾರಿನ ಕೆಳಗೆ ಬಗ್ಗಿ ನೋಡಿದೆ. ಹಿಂದಿನ ನಿಂಬೆಹಣ್ಣುಗಳು ಸಿಪ್ಪೆಯಾಗಿದ್ದವು. ಮುಂದಿನ ಚಕ್ರಗಳು ಮುಂದೆ ಹೋಗಿದ್ದವು. ಅವುಗಳ ನಿಂಬೆಹಣ್ಣುಗಳು ಮಾತ್ರ ಇಟ್ಟ ಜಾಗದಲ್ಲೇ, ಚಕ್ರದ ದಾರಿಯಲ್ಲೇ ಕೂತಿದ್ದವು. ದುಂಡಗೆ. ಕುಂಕುಮ ಸಹ ಅಳಿಸಿರಲಿಲ್ಲ.

"ಸರ್," ಎಂದೆ, "ಚಕ್ರ ಇದರ ಮೇಲೆ ಹೋಗಿದೆ. ಆದರೆ ಇದನ್ನ ಮುಟ್ಟಿಲ್ಲ."

ಮ್ಯಾನೇಜರ್ ಅಂಗಾತ ಮಲಗಿ ನೋಡಿದರು. ಎದ್ದವರೇ ನನ್ನನ್ನು ತಬ್ಬಿಕೊಂಡರು. ಫುಂಡಿಯೂ ಬಗ್ಗಿ ನೋಡಿದ. ತುಂಬ ಹೊತ್ತು ನೋಡಿದ.

"ಇದು ಮಟಾಟುದಲ್ಲ, ಬ್ವಾನಾ," ಎಂದ.

"ಹೊರಡಪ್ಪಾ, ನಾಳೆನೇ ಹೊರಡು! ನಾಲ್ಕು ವಾರ!" ಎಂದರು ಮ್ಯಾನೇಜರ್.

"ಯಾರೂ ಎಲ್ಲೂ ಹೊರಡಕೂಡದು." ಅಜ್ಜಿ ಬಿಸಿನೀರಿನ ಚೀಲದ ಸಮೇತ ಕುರ್ಚಿಯಿಂದ ಎದ್ದಿದ್ದರು. "ಎರಡು ನಿಂಬೆಹಣ್ಣು ಒಡೆದೇ ಇಲ್ಲ. ಕಾರು ಮುಂದಕ್ಕೆ ತಳ್ಳಿ, ಹಿಂದಿನ ಚಕ್ರ ಹತ್ತಿಸಿ."

"ಅಮ್ಮಾ, ಮುಟ್ಟಬೇಡ! ಅದು ಸಾಕ್ಷಿ!"

"ಸಾಕ್ಷಿಯೋ, ಶಾಸ್ತ್ರವೋ?"

"ಅದು ಒಡೆಯದೇ ಇದ್ದದ್ದಕ್ಕೇ ಅಲ್ವಾ ಅಮ್ಮಾ ಇವನಿಗೆ ರಜೆ?"

ತಾಯಿ ಮಗ ಅರ್ಧ ಗಂಟೆ ವಾದ ಮಾಡಿದರು. ನಾನು ನಡುವೆ ನಿಂತು ನಿಂಬೆಹಣ್ಣು ಕಾಯ್ದೆ. ಕೊನೆಗೆ ಅಜ್ಜಿ ರಾಜಿಗೆ ಬಂದರು.

"ಆಯ್ತು, ಒಡೀಬೇಡ. ಆದರೆ ನಾಲ್ಕರಲ್ಲಿ ಎರಡೇ ಒಡೆದಿರೋದು. ಪೂಜೆ ಅರ್ಧ. ಹುಡುಗನ ರಜೆನೂ ಅರ್ಧ."

ಮ್ಯಾನೇಜರ್ ನನ್ನ ಮುಖ ನೋಡಿದರು. ಆಮೇಲೆ ತಾಯಿಯ ಮುಖ ನೋಡಿದರು.

ಮಾರನೇ ದಿನ ಊರಿಗೆ ಹೊರಟೆ. ರಜೆ ಎರಡು ವಾರ.