ನೀಲವ್ವನ ಕುಸುಬಿ, ನನ್ನ ವ್ಯಾಕರಣ

ನನ್ನಲ್ಲೊಂದು ದುರ್ಗುಣವಿದೆ. ಮೂವತ್ತು ವರ್ಷ ಸಂಬಳ ಕೊಟ್ಟು ಅದನ್ನು ಬೆಳೆಸಿದ್ದು ಸರ್ಕಾರವೇ ಆದ್ದರಿಂದ ಪೂರ್ತಿ ಹೊಣೆಯನ್ನು ನಾನು ಹೊರಲಾರೆ. ಶಾಲೆಯ ಮಾಸ್ತರನಾಗಿದ್ದ ನನಗೆ ತಪ್ಪು ಬರಹ ಕಂಡರೆ ಕೈ ಸುಮ್ಮನಿರುವುದಿಲ್ಲ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಒತ್ತಕ್ಷರ ನೋಡುತ್ತೇನೆ. ಒಮ್ಮೆ ಹೆಂಡತಿ ಕೊಟ್ಟ ಕಿರಾಣಿ ಚೀಟಿಯನ್ನು ತಿದ್ದುತ್ತ ಕೂತು, ಅಂಗಡಿ ಮುಚ್ಚಿದ ಮೇಲೆ ಅಲ್ಲಿಗೆ ತಲುಪಿದ್ದೆ. ನಿವೃತ್ತನಾಗಿ ಮೊರಬದಲ್ಲಿ ನೆಲೆಸಿದ ಮೇಲೆ ಊರವರ ಅರ್ಜಿ ಬರೆದುಕೊಡುವುದೇ ನನ್ನ ಉದ್ಯೋಗವಾಯಿತು.

ಪಕ್ಕದ ಮನೆಯ ನೀಲವ್ವ ಗಂಡ ತೀರಿದ ಮೇಲೆ ಒಬ್ಬಳೇ ಹೊಲ ನಡೆಸುವವಳು. ಕಳೆದ ಹಿಂಗಾರಿಗೆ ಎರಡು ಎಕರೆ ಕುಸುಬಿ ಹಾಕಿದ್ದಳು. ಎಣ್ಣೆಕಾಳು ಬೆಳೆದವರಿಗೆ ಸರ್ಕಾರದ ಸಹಾಯಧನವಿದೆ ಎಂದಾಗ ಅವಳ ಅರ್ಜಿಯನ್ನೂ ನಾನೇ ಬರೆದೆ. ಉಳಿದವರ ಫೋನಿಗೆಲ್ಲ ಹಣ ಜಮೆಯಾದ ಸಂದೇಶ ಬಂತು. ಅವಳ ಫೋನು ಮಾತ್ರ ಮೌನ. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆಕೆ ಹೊಲದ ಬದುವಿಗಷ್ಟೇ ನಾಲ್ಕು ಸಾಲು ಬಿತ್ತಿ ಎರಡು ಎಕರೆ ಎಂದು ಸುಳ್ಳು ಬರೆಸಿದ್ದಾಳೆಂದು ಊರಲ್ಲಿ ಮಾತು ಹುಟ್ಟಿತು. ಜನರಿರುವ ಹೊತ್ತಿನಲ್ಲಿ ನೀಲವ್ವ ಹಿಟ್ಟಿನ ಗಿರಣಿಗೆ ಹೋಗುವುದನ್ನೇ ಬಿಟ್ಟಳು.

"ಮಾಸ್ತರ, ರೊಕ್ಕ ಬರದಿದ್ರ ಹೋಗ್ಲಿ. ಕಳ್ಳಿ ಅನಸ್ಕೊಂಡು ಹೆಂಗ ಇರ್ಲಿ?" ಎಂದು ಅವಳು ಕಣ್ಣೊರೆಸಿಕೊಂಡಾಗ ನನ್ನ ರಕ್ತ ಕುದಿಯಿತು. ನೇರ ಪಂಚಾಯಿತಿಗೆ ಹೋದೆ. ಅಲ್ಲಿಗೆ ಬಂದಿದ್ದ ಕೃಷಿ ಅಧಿಕಾರಿಗೆ, "ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾಕ ಬರಲಿಲ್ಲ, ಎಲ್ಲಾ ಗ್ವಾಡಿಗೆ ಹಚ್ಚರಿ. ಮುಚ್ಚುಮರಿ ಯಾಕ?" ಎಂದೆ.

"ಹಚ್ಚತೇವ್ರಿ ಸರ, ನಮಗೇನ್ ಅಡ್ಡಿ ಇಲ್ಲ," ಎಂದರು ಅವರು ಶಾಂತವಾಗಿ. ಆ ಶಾಂತಿ ನನಗೆ ಅನುಮಾನ ಹುಟ್ಟಿಸಬೇಕಿತ್ತು.

ವಾರದೊಳಗೆ ಪಂಚಾಯಿತಿಯ ಗೋಡೆಗೆ ಪಟ್ಟಿ ಬಂತು. ಓದಲು ಬಾರದ ನೀಲವ್ವನನ್ನು ಕರೆದುಕೊಂಡು ಹೋದೆ. ಹತ್ತಾರು ಜನ ಸೇರಿದ್ದರು. ಗಂಟಲು ಸರಿಮಾಡಿಕೊಂಡು ಓದಿದೆ: "ಬೆಳೆ ಪರಿಶೀಲನೆ: ಎರಡು ಎಕರೆ ಕುಸುಬಿ, ಸರಿ ಇದೆ." ಜನ ಒಬ್ಬರ ಮುಖ ಒಬ್ಬರು ನೋಡಿದರು. ಮುಂದಿನ ಸಾಲನ್ನು ಅಷ್ಟು ಜೋರಾಗಿ ಓದಲಿಲ್ಲ: "ಆಧಾರ್‌ನಲ್ಲಿ ನೀಲವ್ವ, ಅರ್ಜಿಯಲ್ಲಿ ನೀಲಮ್ಮ. ಹೆಸರು ಹೊಂದಾಣಿಕೆಯಾಗಿಲ್ಲ."

"ನೀಲಮ್ಮ ಯಾರ್ರಿ?" ಎಂದಳು ನೀಲವ್ವ.

ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅವಳು ಎಷ್ಟೋ ದಿನಗಳ ಮೇಲೆ ತಲೆಯೆತ್ತಿ ನಿಂತಿದ್ದಳು. "ನೀನ ಬೇ. ಅವ್ವ ಅಂದ್ರ ಆಡುಮಾತು, ಬರಿಯೂಮುಂದ ಅಮ್ಮ ಅಂತಿರಬೇಕು ಅಂತ ನಾನ ಬರದೆ," ಎಂದೆ.

ನೀಲವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನಮ್ಮವ್ವ ಇಟ್ಟ ಹೆಸರರಿ ಅದು. ಅಕಿಗೆ ಒಂದ್ ಮಾತ್ ಕೇಳಬೇಕಿತ್ತಿಲ್ಲೋ?"

ಹೆಸರು ಸರಿಪಡಿಸಲು, ತಪ್ಪು ನನ್ನದೆಂದು ನಾನೇ ಬರೆದು ಸಹಿ ಮಾಡಿಕೊಡಬೇಕಾಯಿತು. ಎರಡು ತಿಂಗಳಲ್ಲಿ ಹಣ ಬಂತು. ಆದರೆ ಎಲ್ಲವನ್ನೂ ಗೋಡೆಗೆ ಹಚ್ಚಿ ಎಂದವನು ನಾನೇ ತಾನೆ? ಆ ಅಧಿಕಾರಿ ನನ್ನ ಪತ್ರವನ್ನೂ ಪಟ್ಟಿಯ ಪಕ್ಕದಲ್ಲಿ ಹಚ್ಚಿಸಿದರು. ಈಗ ಪಂಚಾಯಿತಿಗೆ ಬಂದವರಿಗೆ ನೀಲವ್ವ ಅದರ ಸಾಲು ಸಾಲಿಗೂ ಬೆರಳಿಟ್ಟು ಒಪ್ಪಿಸುತ್ತಾಳೆ. ಅಕ್ಷರ ಬಾರದಿದ್ದರೂ ಅವಳಿಗದು ಪೂರ್ತಿ ಬಾಯಿಪಾಠ. ಮೊನ್ನೆ ಬಾಗಿಲಲ್ಲಿ ನಿಂತು ಕೇಳಿದೆ. ಎಲ್ಲಿಯೂ ಒಂದಕ್ಷರ ತಪ್ಪಲಿಲ್ಲ.